ಘಟ್ಟ, ಕರಾವಳಿಯಿಂದ ಸಾಫ್ಟ್‌ವೇರ್ ಸಮ್ಮೇಳನಕ್ಕೆ: ಕೇಳಲು ಹೋಗುವವರಿಗೂ ಮಾತನಾಡಲು ಹೋಗುವವರಿಗೂ ಒಂದು ಮಾರ್ಗದರ್ಶಿ

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರದ ಕಡೆ ಇದ್ದುಕೊಂಡು ಸಾಫ್ಟ್‌ವೇರ್ ಕೆಲಸ ಮಾಡುವವರು ಮತ್ತು ಇಂಜಿನಿಯರಿಂಗ್ ಓದುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ತಂತ್ರಜ್ಞಾನ ಸಮ್ಮೇಳನಗಳಿಗೆ ಹೋಗುವುದರಿಂದ ಪ್ರಯೋಜನವಿದೆಯೇ? ದೊಡ್ಡ ಕಂಪನಿಯ ಹೆಸರಿಲ್ಲದೆ ಊರಿನ ಮನೆಯಿಂದಲೇ ಕೆಲಸ ಮಾಡುವವರಿಗೆ ಅಲ್ಲಿ ಮಾತನಾಡಲು ಅವಕಾಶ ಸಿಗುತ್ತದೆಯೇ? ಇಂಗ್ಲಿಷ್ ಸರಾಗವಾಗಿ ಬರದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಇಲ್ಲಿ ಹಂತಹಂತವಾಗಿ ಉತ್ತರಿಸಲಾಗಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಿಮ್ಮ ಉಪನ್ಯಾಸದ ಹಣೆಬರಹ ಬಹುಪಾಲು ನಿರ್ಧಾರವಾಗುವುದು ವೇದಿಕೆ ಹತ್ತುವ ನಾಲ್ಕೈದು ತಿಂಗಳ ಮುಂಚೆ, ನೀವು ಬರೆದು ಕಳಿಸುವ ಒಂದು ಪುಟದ ಪ್ರಸ್ತಾವದಲ್ಲಿ. ಆದ್ದರಿಂದ ಈ ಲೇಖನದ ದೊಡ್ಡ ಭಾಗವೂ ಆ ಪ್ರಸ್ತಾವಕ್ಕೇ ಮೀಸಲಾಗಿದೆ.

ಹಂತ 1: ಯಾವ ಸಮ್ಮೇಳನ ಎಂಬುದನ್ನು ನಿರ್ಧರಿಸಿ

ಎಲ್ಲ ಸಮ್ಮೇಳನಗಳೂ ಒಂದೇ ಉದ್ದೇಶದವಲ್ಲ. ಮೊದಲನೆಯ ಬಗೆ ಬಳಕೆದಾರರ ಸಮುದಾಯವೇ ಸ್ವಯಂಸೇವಕರ ಬಲದಿಂದ ನಡೆಸುವಂಥದ್ದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುವವರ ಪೈಕಾನ್ ಇಂಡಿಯಾ 2009ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಆಮೇಲೆ ಬೇರೆ ಬೇರೆ ನಗರಗಳಲ್ಲಿ ನಡೆದು, 2020 ಮತ್ತು 2021ರಲ್ಲಿ ಆನ್‌ಲೈನ್ ಆಗಿ, 2024ರಲ್ಲಿ ಮತ್ತೆ ಬೆಂಗಳೂರಿಗೆ ಬಂತು. ಮುಕ್ತ ತಂತ್ರಾಂಶದವರ, ಅಂದರೆ ಯಾರು ಬೇಕಾದರೂ ಮೂಲ ಕೋಡ್ ಓದಿ, ಬದಲಿಸಿ, ಹಂಚಬಹುದಾದ ಸಾಫ್ಟ್‌ವೇರ್‌ನವರ, ಇಂಡಿಯಾಫಾಸ್ ಕೂಡ ಇದೇ ಬಗೆಯದು. ಎರಡನೆಯ ಬಗೆ ವ್ಯಾಪಾರೀ ಸಂಸ್ಥೆಗಳು ನಡೆಸುವ ದೊಡ್ಡ ಡೆವಲಪರ್ ಮೇಳಗಳು. ಮೂರನೆಯದು ಒಂದೇ ಕಂಪನಿ ತನ್ನ ಉತ್ಪನ್ನದ ಸುತ್ತ ನಡೆಸುವ ಕಾರ್ಯಕ್ರಮ. ನಾಲ್ಕನೆಯದು ರಾಜ್ಯ ಸರ್ಕಾರದ ಬೆಂಗಳೂರು ಟೆಕ್ ಸಮ್ಮಿಟ್‌ನಂಥದ್ದು. ಅಲ್ಲಿ ನೀತಿ, ಬಂಡವಾಳ, ನವೋದ್ಯಮಗಳ ಮಾತೇ ಹೆಚ್ಚು, ಕೋಡ್ ಕಡಿಮೆ.

ಮೊದಲ ಸಲ ಮಾತನಾಡಬೇಕೆಂದಿರುವವರಿಗೆ ನನ್ನ ಸಲಹೆ ನಿಸ್ಸಂದೇಹವಾಗಿ ಸಮುದಾಯದ ಸಮ್ಮೇಳನ. ಅಲ್ಲಿ ಹೊಸಬರ ಪ್ರಸ್ತಾವಗಳನ್ನು ಓದುವ ವ್ಯವಧಾನವಿರುತ್ತದೆ, ಮತ್ತು ಕೆಲವು ಕಡೆ ಮೊದಲ ಸುತ್ತಿನಲ್ಲಿ ಪ್ರಸ್ತಾವ ಕಳಿಸಿದವರ ಹೆಸರು, ಕಂಪನಿಗಳನ್ನು ಮರೆಮಾಡಿಯೇ ಅಂಕ ಕೊಡುತ್ತಾರೆ. ಶಿರಸಿಯ ಮನೆಯಲ್ಲಿ ಕೂತು ಬರೆದದ್ದೋ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತು ಬರೆದದ್ದೋ ಎಂಬುದು ಆಗ ಓದುವವರಿಗೆ ಗೊತ್ತೇ ಆಗುವುದಿಲ್ಲ.

ಎಚ್ಚರಿಕೆ: "ನಿಮ್ಮ ಸಂಶೋಧನೆಯನ್ನು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿ" ಎಂದು ಪರಿಚಯವೇ ಇಲ್ಲದವರಿಂದ ಬರುವ ಮೇಲ್‌ಗಳಿಗೆ ಬೀಳಬೇಡಿ. ವಿಷಯ ಏನೆಂದು ಕೇಳದೆ ಒಪ್ಪಿಕೊಳ್ಳುವುದು, ಎರಡೇ ದಿನದಲ್ಲಿ ಸ್ವೀಕಾರಪತ್ರ ಕಳಿಸುವುದು, ಪ್ರಕಟಣೆಯ ಶುಲ್ಕವೆಂದು ಸಾವಿರಾರು ರೂಪಾಯಿ ಕೇಳುವುದು ಇವುಗಳ ಲಕ್ಷಣ. ವಿದ್ಯಾರ್ಥಿಗಳೇ ಇವುಗಳ ಮುಖ್ಯ ಗಿರಾಕಿಗಳು. ಆದರೆ ಇದನ್ನು ಇನ್ನೊಂದು ಸಂಗತಿಯ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅಮೆರಿಕದ ಪೈಕಾನ್‌ನಂತಹ ಪ್ರಾಮಾಣಿಕ ಸಮುದಾಯ ಸಮ್ಮೇಳನಗಳಲ್ಲೂ ಉಪನ್ಯಾಸಕರು ತಮ್ಮ ಪ್ರವೇಶ ಟಿಕೆಟನ್ನು ತಾವೇ ಕೊಳ್ಳುವ ರೂಢಿಯಿದೆ. ನಿಯಮವನ್ನು ಮೊದಲೇ ಓದಿಕೊಂಡರೆ ಆಮೇಲೆ ಮುನಿಸಿಗೆ ಕಾರಣವಿರುವುದಿಲ್ಲ.

ಹಂತ 2: ದಿನಾಂಕಗಳನ್ನು ಹಿಂದಕ್ಕೆ ಎಣಿಸಿ

ಉಪನ್ಯಾಸಗಳಿಗಾಗಿ ಸಂಘಟಕರು ಕೊಡುವ ಬಹಿರಂಗ ಕರೆಗೆ ಸಿಎಫ್‌ಪಿ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಸಮ್ಮೇಳನಕ್ಕೆ ನಾಲ್ಕರಿಂದ ಆರು ತಿಂಗಳು ಮುಂಚೆ ತೆರೆದು ಒಂದೆರಡು ತಿಂಗಳಲ್ಲಿ ಮುಚ್ಚುತ್ತದೆ. ಬೆಂಗಳೂರಿನಲ್ಲಿ 2024ರ ಪೈಕಾನ್ ಇಂಡಿಯಾ ಮತ್ತು ಇಂಡಿಯಾಫಾಸ್ ಎರಡೂ ಸೆಪ್ಟೆಂಬರಿನಲ್ಲಿ, ಒಂದೇ ನಿಮ್ಹಾನ್ಸ್ ಸಭಾಭವನದಲ್ಲಿ ನಡೆದವು. ಸೆಪ್ಟೆಂಬರಿನ ಸಮ್ಮೇಳನ ಎಂದರೆ ಪ್ರಸ್ತಾವ ಬರೆಯುವ ಕಾಲ ಬೇಸಿಗೆಯ ಕೊನೆ ಮತ್ತು ಮಳೆಗಾಲದ ಆರಂಭ. ನಮ್ಮ ಕಡೆ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ: ಮೊದಲ ಗಾಳಿಮಳೆಗೆ ಮರ ಬಿದ್ದು ಲೈನ್ ಹೋಗುತ್ತದೆ, ಹೆಸ್ಕಾಂನವರು ಬಂದು ಸರಿಮಾಡುವವರೆಗೆ ಇನ್ವರ್ಟರ್ ಇದ್ದರೂ ಟವರ್ ಸತ್ತಿರುತ್ತದೆ. ಕೊನೆಯ ರಾತ್ರಿಗೆ ಇಟ್ಟುಕೊಂಡ ಪ್ರಸ್ತಾವ ಇಲ್ಲಿಂದ ಹೊರಡುವುದೇ ಇಲ್ಲ. ಗಡುವಿಗಿಂತ ಒಂದು ವಾರ ಮುಂಚಿನ ದಿನವನ್ನೇ ನಿಮ್ಮ ಗಡುವು ಎಂದು ಬರೆದುಕೊಳ್ಳಿ. ಕಳಿಸಿದ ಮೇಲೂ ಗಡುವಿನವರೆಗೆ ತಿದ್ದಲು ಬಹುತೇಕ ಕಡೆ ಅವಕಾಶವಿರುತ್ತದೆ.

ಅಂತರರಾಷ್ಟ್ರೀಯ ಸಮ್ಮೇಳನಗಳ ಗಡುವಿನ ಪಕ್ಕದಲ್ಲಿ ಕಾಲವಲಯವನ್ನು ನೋಡಿ. ಯುಟಿಸಿ ಮಧ್ಯರಾತ್ರಿ ಎಂದರೆ ನಮಗೆ ಬೆಳಿಗ್ಗೆ 5:30. "ಎಒಇ" ಎಂದಿದ್ದರೆ ಭೂಮಿಯ ಮೇಲೆ ಎಲ್ಲಿಯಾದರೂ ಆ ದಿನ ಇನ್ನೂ ಮುಗಿಯದೆ ಇರುವವರೆಗೆ ಎಂದು ಅರ್ಥ. ನಮ್ಮ ಗಡಿಯಾರದಲ್ಲಿ ಅದು ಮರುದಿನ ಸಂಜೆ 5:30ರ ಸುಮಾರಿಗೆ ಮುಗಿಯುತ್ತದೆ.

ಹಂತ 3: ಟಿಕೆಟ್ ಮತ್ತು ಖರ್ಚಿನ ಲೆಕ್ಕ

ಟಿಕೆಟ್‌ಗಳನ್ನು ಹಂತಹಂತವಾಗಿ ಮಾರುತ್ತಾರೆ. ಮೊದಲು ಬಿಡುವ ರಿಯಾಯಿತಿ ಟಿಕೆಟ್‌ಗಳಿಗೆ ಅರ್ಲಿ ಬರ್ಡ್ ಎಂದು ಹೆಸರು. ಇವು ಬೇಗ ಮುಗಿಯುತ್ತವೆ. ವಿದ್ಯಾರ್ಥಿ ದರ ಪ್ರತ್ಯೇಕವಾಗಿದ್ದರೆ ಪ್ರವೇಶದ್ವಾರದಲ್ಲಿ ಆ ವರ್ಷದ ಕಾಲೇಜಿನ ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ತೋರಿಸಿದ ದರಕ್ಕೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆಯೇ, ಆಗಲೇ ಸೇರಿದೆಯೇ ಎಂದು ನೋಡಿಕೊಳ್ಳಿ. ಕಂಪನಿ ಹಣ ಕೊಡುವುದಾದರೆ ಕೊಳ್ಳುವಾಗಲೇ ಕಂಪನಿಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ತುಂಬಬೇಕು, ಏಕೆಂದರೆ ಆಮೇಲೆ ಬಿಲ್ ಬದಲಿಸಿಕೊಡಿ ಎಂದರೆ ಸ್ವಯಂಸೇವಕರಿಗೂ ತೊಂದರೆ, ನಿಮಗೂ ತೊಂದರೆ.

ಹಣದ ಅಡಚಣೆ ಇದ್ದವರು ಎರಡು ದಾರಿ ನೋಡಬಹುದು. ಸಮುದಾಯ ಸಮ್ಮೇಳನಗಳಲ್ಲಿ ಆರ್ಥಿಕ ನೆರವಿನ ಯೋಜನೆಗಳಿರುತ್ತವೆ. ಟಿಕೆಟ್, ಕೆಲವೊಮ್ಮೆ ಪ್ರಯಾಣ ಮತ್ತು ವಸತಿಯನ್ನೂ ಕೊಡುತ್ತಾರೆ. ಅರ್ಜಿಯಲ್ಲಿ ಬಡತನದ ವರ್ಣನೆ ಬೇಡ. ಎಲ್ಲಿಂದ ಬರುತ್ತೀರಿ, ರೈಲು ಅಥವಾ ಬಸ್ಸಿಗೆ ಎಷ್ಟು, ಎಷ್ಟು ರಾತ್ರಿ ಉಳಿಯಬೇಕು ಎಂಬ ಸರಳ ಲೆಕ್ಕ ಕೊಟ್ಟರೆ ಸಾಕು. ಎರಡನೆಯ ದಾರಿ ಸ್ವಯಂಸೇವಕರಾಗುವುದು. ನೋಂದಣಿ ಮೇಜಿನ ಬಳಿ ಅರ್ಧ ದಿನ ನಿಂತರೆ ಕೆಲವು ಉಪನ್ಯಾಸಗಳು ತಪ್ಪಿಹೋಗುತ್ತವೆ, ನಿಜ, ಆದರೆ ಬಂದವರಲ್ಲಿ ಅರ್ಧದಷ್ಟು ಜನರ ಮುಖಪರಿಚಯವಾಗುತ್ತದೆ. ಯಾರನ್ನೂ ಅರಿಯದೆ ಹೋಗುವವರಿಗೆ ಇದೇ ಲಾಭದ ವ್ಯವಹಾರ.

ಹಂತ 4: ವಿಷಯವನ್ನು ನಿಮ್ಮ ಕೆಲಸದಿಂದಲೇ ಆರಿಸಿ

"ನನ್ನ ಹತ್ತಿರ ಹೇಳುವಂಥದ್ದೇನಿದೆ" ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಸಂಕೋಚ. ಕೃತಕ ಬುದ್ಧಿಮತ್ತೆಯ ಭವಿಷ್ಯದ ಬಗ್ಗೆ ಮಾತನಾಡಲು ನೂರು ಜನ ಕಾದಿರುತ್ತಾರೆ, ಮತ್ತು ಅವರಲ್ಲಿ ಬಹುಪಾಲು ಜನರ ಪ್ರಸ್ತಾವಗಳು ಒಂದರಂತೆ ಇನ್ನೊಂದು ಇರುತ್ತವೆ. ಆಯ್ಕೆ ಸಮಿತಿಗೆ ಬೇಕಾಗಿರುವುದು ಯಾರೋ ಒಬ್ಬರು ನಿಜವಾಗಿ ಎದುರಿಸಿದ, ಬಿಡಿಸಿದ, ಅಥವಾ ಬಿಡಿಸಲಾಗದೆ ಕೈಬಿಟ್ಟ ಒಂದು ನಿರ್ದಿಷ್ಟ ಸಮಸ್ಯೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಥವುಗಳಿಗೆ ಬರವಿಲ್ಲ. ಸಮುದ್ರದಲ್ಲಿ ದಡದಿಂದ ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ಸಿಗ್ನಲ್ ಇಲ್ಲವಾಗುತ್ತದೆ. ಮೀನುಗಾರರಿಗಾಗಿ ಆ್ಯಪ್ ಮಾಡುವವರು ಹವಾಮಾನದ ಮಾಹಿತಿಯನ್ನು ಬಂದರಿನಲ್ಲೇ ಇಳಿಸಿಕೊಟ್ಟು, ಅದು ಎಷ್ಟು ಹಳೆಯದೆಂದು ಪರದೆಯ ಮೇಲೆ ತೋರಿಸಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಆ್ಯಪನ್ನು ಯಾರೂ ಮುಟ್ಟುವುದಿಲ್ಲ, ಆಗಸ್ಟ್ ಮೊದಲ ವಾರದಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ. ವರ್ಷಕ್ಕೊಮ್ಮೆ ಶೂನ್ಯದಿಂದ ತುದಿಗೇರುವ ಈ ಬಳಕೆಯನ್ನು ಸರ್ವರ್ ಹೇಗೆ ತಾಳಿಕೊಳ್ಳಬೇಕು ಎಂಬುದೇ ಒಂದು ಪೂರ್ಣ ಉಪನ್ಯಾಸ. ಕನ್ನಡ, ಕೊಂಕಣಿ ಎರಡನ್ನೂ ಬೆರೆಸಿ ಮಾತನಾಡುವವರ ಧ್ವನಿಯನ್ನು ಅಕ್ಷರಕ್ಕಿಳಿಸುವುದು, ಹಳೆಯ 'ನುಡಿ' ತಂತ್ರಾಂಶದ ಅಕ್ಷರಶೈಲಿಯಲ್ಲಿರುವ ಸಹಕಾರಿ ಸಂಘದ ದಾಖಲೆಗಳನ್ನು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ತರುವುದು, ಇವೆಲ್ಲ ಬೆಂಗಳೂರಿನ ಸಭಿಕರಿಗೆ ಹೊಸ ಸಂಗತಿಗಳು.

ವಿಷಯ ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಉಪನ್ಯಾಸ ಕೇಳಿ ಹೊರಬರುವ ವ್ಯಕ್ತಿ ಸೋಮವಾರ ಕಚೇರಿಯಲ್ಲಿ ಏನನ್ನು ಬೇರೆ ರೀತಿಯಲ್ಲಿ ಮಾಡಬಲ್ಲ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯ ಬರೆಯಲಾಗದಿದ್ದರೆ ವಿಷಯ ಇನ್ನೂ ಹಣ್ಣಾಗಿಲ್ಲ.

ಎಚ್ಚರಿಕೆ: ಕಂಪನಿಯ ಕೆಲಸದ ಬಗ್ಗೆ ಮಾತನಾಡುವುದಾದರೆ ಪ್ರಸ್ತಾವ ಕಳಿಸುವ ಮುಂಚೆಯೇ ಲಿಖಿತ ಒಪ್ಪಿಗೆ ಪಡೆಯಿರಿ. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ್ದನ್ನು ಮರೆತು, ಆಯ್ಕೆಯಾದ ಮೇಲೆ ಹಿಂದೆ ಸರಿದವರನ್ನು ಸಂಘಟಕರು ಬಹಳ ಕಾಲ ನೆನಪಿಟ್ಟುಕೊಳ್ಳುತ್ತಾರೆ. ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಫೋನ್ ನಂಬರ್ ಇರುವ ನಿಜವಾದ ಸ್ಕ್ರೀನ್‌ಶಾಟ್‌ಗಳನ್ನು ಯಾವ ಕಾರಣಕ್ಕೂ ಬಳಸಬೇಡಿ.

ಹಂತ 5: ಪ್ರಸ್ತಾವ ಬರೆಯಿರಿ

ಪ್ರಸ್ತಾವದಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಶೀರ್ಷಿಕೆ, ಸಾರಾಂಶ, ಅಂದರೆ ಸಭಿಕರು ಕಾರ್ಯಕ್ರಮಪಟ್ಟಿಯಲ್ಲಿ ಓದುವ ಒಂದೆರಡು ಪ್ಯಾರಾ, ರೂಪುರೇಷೆ, ಅಂದರೆ ಸಮಿತಿ ಮಾತ್ರ ಓದುವ ನಿಮಿಷವಾರು ವಿವರ, ಮತ್ತು ನಿಮ್ಮ ಪರಿಚಯ. ಸಾರಾಂಶ ಹೇಗಿರಬಾರದು ಎಂಬುದಕ್ಕೆ ಒಂದು ಮಾದರಿ:

"ಇಂದಿನ ಯುಗದಲ್ಲಿ ಆಫ್‌ಲೈನ್ ಆ್ಯಪ್‌ಗಳು ಬಹಳ ಮುಖ್ಯವಾಗಿವೆ. ಈ ಉಪನ್ಯಾಸದಲ್ಲಿ ಅವುಗಳ ಮಹತ್ವ, ಅನುಕೂಲ, ಅನನುಕೂಲ ಮತ್ತು ಭವಿಷ್ಯವನ್ನು ಚರ್ಚಿಸಲಾಗುವುದು."

ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಬರೆದವರು ಒಂದೇ ಒಂದು ಆಫ್‌ಲೈನ್ ಆ್ಯಪನ್ನಾದರೂ ಮಾಡಿದ್ದಾರೆಯೇ ಎಂಬುದು ತಿಳಿಯುವುದಿಲ್ಲ. ಈಗ ಅದೇ ವಿಷಯವನ್ನು ಅಡಿಕೆ ವ್ಯಾಪಾರದ ಸಹಕಾರಿ ಸಂಘವೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟವರು ಬರೆದರೆ ಹೇಗಿರಬಹುದು ನೋಡಿ. ಇದು ಮಾದರಿಗಾಗಿ ಕಟ್ಟಿದ್ದು:

"ಬೆಳೆಗಾರರು ತಂದ ಚಾಲಿ, ರಾಶಿ, ಕೆಂಪುಗೋಟು ಅಡಿಕೆಯನ್ನು ತೂಗಿ, ಲಾಟ್ ನಂಬರ್ ಹಾಕಿ, ಚೀಟಿ ಕೊಡುವ ಕೆಲಸ ನೆಟ್‌ವರ್ಕ್ ಹೋಯಿತೆಂದು ನಿಲ್ಲುವಂತಿಲ್ಲ. ನಮ್ಮ ಮೊದಲ ವಿನ್ಯಾಸದಲ್ಲಿ ಲಾಟ್ ನಂಬರನ್ನು ಸರ್ವರ್ ಕೊಡುತ್ತಿತ್ತು. ಮಳೆಗಾಲದಲ್ಲಿ ಅದು ಪೂರ್ತಿ ಕೈಕೊಟ್ಟಿತು. ಎರಡನೆಯದರಲ್ಲಿ ಪ್ರತಿ ಕಂಪ್ಯೂಟರ್ ತಾನೇ ನಂಬರ್ ಕೊಡತೊಡಗಿ, ನೆಟ್ ಬಂದಾಗ ಒಂದೇ ಚೀಟಿ ಎರಡು ಬಾರಿ ದಾಖಲಾಯಿತು. ಮೂರನೆಯ ವಿನ್ಯಾಸದಲ್ಲಿ ಎಸ್‌ಕ್ಯೂಲೈಟ್ ಎಂಬ, ಆಯಾ ಕಂಪ್ಯೂಟರಿನಲ್ಲೇ ಇರುವ ಪುಟ್ಟ ಡೇಟಾಬೇಸ್ ಮತ್ತು ಮುಂಚಿತವಾಗಿ ಹಂಚಿಟ್ಟ ನಂಬರ್‌ಗಳಿಂದ ಇದನ್ನು ಹೇಗೆ ಸರಿಪಡಿಸಿದೆವು, ಮತ್ತು ಗೋಡೆಗಡಿಯಾರಕ್ಕಿಂತ ಹಿಂದೆ ಓಡುವ ಕಂಪ್ಯೂಟರ್‌ಗಳು ಏಕೆ ಕೊನೆಯವರೆಗೂ ಕಾಡಿದವು ಎಂಬುದನ್ನು ಈ ಉಪನ್ಯಾಸ ವಿವರಿಸುತ್ತದೆ. ಕೇಳಿದವರು ತಮ್ಮ ಸಾಫ್ಟ್‌ವೇರ್‌ನಲ್ಲಿ ಒಂದೇ ದಾಖಲೆಯನ್ನು ಎರಡು ಬಾರಿ ಕಳಿಸಿದರೂ ಕೆಡದಂತೆ ಮಾಡುವ ವಿಧಾನವನ್ನು ತಿಳಿದು ಹೋಗುತ್ತಾರೆ."

ಇಲ್ಲಿ ಅಡಿಕೆಯ ಗಂಧವೇ ಇಲ್ಲದ ದೆಹಲಿಯ ವಿಮರ್ಶಕರಿಗೂ ಸಮಸ್ಯೆ ಅರ್ಥವಾಗುತ್ತದೆ, ಏಕೆಂದರೆ ಆಸ್ಪತ್ರೆ, ಗೋದಾಮು, ಟೋಲ್‌ಗೇಟ್ ಎಲ್ಲೆಡೆಯೂ ಇದೇ ಸಮಸ್ಯೆಯಿದೆ. ಊರಿನ ವಿವರವನ್ನು ಅಲಂಕಾರಕ್ಕಾಗಿ ಸೇರಿಸಬೇಡಿ. ಸಮಸ್ಯೆ ಹುಟ್ಟಿದ್ದೇ ಅಲ್ಲಿಂದ ಎಂದಾದರೆ ಮಾತ್ರ ಅದಕ್ಕೆ ಬೆಲೆ. ಹಾಗೆಯೇ ಕೈಕೊಟ್ಟ ವಿನ್ಯಾಸಗಳನ್ನು ಮುಚ್ಚಿಡಬೇಡಿ, ವಿಮರ್ಶಕರ ಕಣ್ಣು ಮೊದಲು ನಿಲ್ಲುವುದೇ ಅಲ್ಲಿ.

ರೂಪುರೇಷೆಯಲ್ಲಿ ನಿಮಿಷಗಳನ್ನು ಬರೆಯಿರಿ. 25 ನಿಮಿಷದ ಉಪನ್ಯಾಸವಾದರೆ ಮೊದಲ ಮೂರು ನಿಮಿಷ ಸಮಸ್ಯೆ, ಮುಂದಿನ ಆರು ನಿಮಿಷ ಕೈಕೊಟ್ಟ ಎರಡು ವಿನ್ಯಾಸಗಳು, ಆಮೇಲೆ ಹತ್ತು ನಿಮಿಷ ಮೂರನೆಯ ವಿನ್ಯಾಸ ಮತ್ತು ಅದರ ಕೋಡ್, ನಾಲ್ಕು ನಿಮಿಷ ಗಡಿಯಾರದ ತಕರಾರು, ಕೊನೆಯ ಎರಡು ನಿಮಿಷ ಈ ವಿಧಾನ ಎಲ್ಲಿ ಬಳಸಬಾರದು ಎಂಬ ಮಾತು. ಹೀಗೆ ಬರೆಯಲು ಕೂತಾಗ ವಿಷಯ ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದು ನಿಮಗೇ ಗೊತ್ತಾಗುತ್ತದೆ. ನಾನು ನೋಡಿರುವಂತೆ ಹೊಸಬರ ಪ್ರಸ್ತಾವಗಳಲ್ಲಿ ಒಂದೂವರೆ ಗಂಟೆಯ ಸರಕು ಇರುತ್ತದೆ.

ಪರಿಚಯವನ್ನು ಮೂರು ನಾಲ್ಕು ವಾಕ್ಯಕ್ಕೆ ನಿಲ್ಲಿಸಿ. ಈ ವಿಷಯದಲ್ಲಿ ನೀವು ಏನು ಕೆಲಸ ಮಾಡಿದ್ದೀರಿ ಎಂಬುದಷ್ಟೇ ಬೇಕು. ಪಿಯುಸಿ ಅಂಕಗಳು ಬೇಡ. ಹಿಂದೆ ಎಲ್ಲಾದರೂ ಮಾತನಾಡಿದ ವೀಡಿಯೊ ಕೇಳಿದರೆ ಗಾಬರಿ ಬೇಡ, ಫೋನಿನಲ್ಲೇ ಎರಡು ನಿಮಿಷ ವಿಷಯ ವಿವರಿಸಿ ಚಿತ್ರೀಕರಿಸಿ ಕಳಿಸಬಹುದು.

25 ನಿಮಿಷ ಹೆಚ್ಚೆನಿಸಿದರೆ ಲೈಟ್ನಿಂಗ್ ಟಾಕ್ ಇದೆ, ಅಂದರೆ ಐದೇ ನಿಮಿಷದ ಕಿರು ಉಪನ್ಯಾಸ. ಇದಕ್ಕೆ ಸಾಮಾನ್ಯವಾಗಿ ಪ್ರಸ್ತಾವ ಬೇಕಿಲ್ಲ, ಸಮ್ಮೇಳನದ ದಿನವೇ ಹಲಗೆಯ ಮೇಲೆ ಹೆಸರು ಬರೆಸಿದರಾಯಿತು. ಹಲಗೆ ಬೇಗ ತುಂಬುವುದರಿಂದ ಬೆಳಿಗ್ಗೆಯೇ ಹೋಗಿ. ವರ್ಕ್‌ಶಾಪ್, ಅಂದರೆ ಭಾಗವಹಿಸುವವರೂ ಲ್ಯಾಪ್‌ಟಾಪ್ ಬಿಚ್ಚಿ ಮಾಡಿ ಕಲಿಯುವ ಕೆಲವು ಗಂಟೆಗಳ ತರಗತಿಯನ್ನು ಮೊದಲ ವರ್ಷವೇ ಮೈಮೇಲೆ ಎಳೆದುಕೊಳ್ಳಬೇಡಿ.

ತಿರಸ್ಕಾರದ ಮೇಲ್ ಬಂದರೆ ವಿಮರ್ಶಕರ ಟಿಪ್ಪಣಿ ಕೊಡಲು ಸಾಧ್ಯವೇ ಎಂದು ವಿನಯದಿಂದ ಕೇಳಿ. ಅದನ್ನು ತಿದ್ದಿ ಬೇರೆ ಸಮ್ಮೇಳನಕ್ಕೆ ಕಳಿಸುವುದರಲ್ಲಿ ತಪ್ಪೇನಿಲ್ಲ. ಸ್ಥಳಾವಕಾಶದ ಕೊರತೆಯಿಂದ ಬಿಟ್ಟುಹೋದ ಒಳ್ಳೆಯ ಪ್ರಸ್ತಾವಗಳು ಪ್ರತಿ ವರ್ಷವೂ ಇರುತ್ತವೆ.

ಹಂತ 6: ಸ್ಲೈಡ್, ಭಾಷೆ, ಅಭ್ಯಾಸ

ಆಯ್ಕೆಯಾದ ಮೇಲೆ ನಿಗದಿತ ದಿನದೊಳಗೆ ಒಪ್ಪಿಗೆ ತಿಳಿಸದಿದ್ದರೆ ಅವಕಾಶ ಕಾಯುವ ಪಟ್ಟಿಯಲ್ಲಿರುವವರಿಗೆ ಹೋಗುತ್ತದೆ. ಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡುತ್ತಿರಿ.

ದೊಡ್ಡ ಸಮ್ಮೇಳನಗಳ ಉಪನ್ಯಾಸಗಳು ಇಂಗ್ಲಿಷಿನಲ್ಲೇ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ದೊಡ್ಡ ಗೋಡೆಯಂತೆ ಕಾಣುವುದು ಸಹಜ, ಆದರೆ ಸಭಿಕರಲ್ಲಿ ತಮಿಳರು, ಮಲಯಾಳಿಗಳು, ಮರಾಠಿಗರು ಎಲ್ಲರೂ ತಮ್ಮ ತಮ್ಮ ಉಚ್ಚಾರಣೆಯ ಇಂಗ್ಲಿಷಿನವರೇ. ತೊಡಕಾಗುವುದು ಉಚ್ಚಾರಣೆಯಿಂದಲ್ಲ, ವೇಗದಿಂದ. ಇಂಗ್ಲಿಷಿನಲ್ಲಿ ನಿಮಿಷಕ್ಕೆ 120ರಿಂದ 150 ಪದಗಳು ಕೇಳುವವರಿಗೆ ಹಿತವಾದ ವೇಗ. ಗಾಬರಿಯಾದಾಗ ನಾವು ಅದನ್ನು ಸಲೀಸಾಗಿ ಮೀರುತ್ತೇವೆ. ಇಡೀ ಉಪನ್ಯಾಸವನ್ನು ಬಾಯಿಪಾಠ ಮಾಡಬೇಡಿ, ಮಧ್ಯೆ ಒಂದು ವಾಕ್ಯ ಮರೆತರೆ ಮುಂದಿನದೆಲ್ಲವೂ ಮರೆಯುತ್ತದೆ. ಮೊದಲ ಎರಡು ನಿಮಿಷ ಮತ್ತು ಕೊನೆಯ ಒಂದು ನಿಮಿಷವನ್ನು ಮಾತ್ರ ಅಕ್ಷರಶಃ ಬರೆದುಕೊಂಡು, ಉಳಿದದ್ದಕ್ಕೆ ಪ್ರತಿ ಸ್ಲೈಡಿಗೆ ಒಂದು ವಾಕ್ಯದ ಟಿಪ್ಪಣಿ ಇಟ್ಟುಕೊಳ್ಳಿ. ಟಿಪ್ಪಣಿ ಕನ್ನಡದಲ್ಲೇ ಇದ್ದರೂ ಅಡ್ಡಿಯಿಲ್ಲ. ಗಟ್ಟಿಯಾಗಿ, ನಿಂತುಕೊಂಡು, ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಓದಿಕೊಂಡದ್ದು ಅಭ್ಯಾಸದ ಲೆಕ್ಕಕ್ಕೆ ಬರುವುದಿಲ್ಲ.

ಸ್ಲೈಡುಗಳನ್ನು 16:9 ಅಳತೆಯಲ್ಲಿ ಮಾಡಿ. ಒಂದು ಸ್ಲೈಡಿನಲ್ಲಿ ಹತ್ತು ಹನ್ನೆರಡು ಸಾಲಿಗಿಂತ ಹೆಚ್ಚು ಕೋಡ್ ಬೇಡ, ಅಕ್ಷರದ ಗಾತ್ರ 24ಕ್ಕಿಂತ ಕೆಳಗೆ ಇಳಿಯುವುದು ಬೇಡ. ಕಪ್ಪು ಹಿನ್ನೆಲೆಯ ಮೇಲೆ ಬೂದು ಅಕ್ಷರ ನಿಮ್ಮ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಕಾಣಬಹುದು, ಬೆಳಕು ತುಂಬಿದ ಸಭಾಂಗಣದ ಪ್ರೊಜೆಕ್ಟರಿನಲ್ಲಿ ಮಾಯವಾಗುತ್ತದೆ. ಕನ್ನಡದ ಪಠ್ಯ ಬಳಸುವವರಿಗೆ ಒಂದು ವಿಶೇಷ ಸೂಚನೆ: ಹಳೆಯ ನುಡಿ, ಬರಹ ಎನ್‌ಕೋಡಿಂಗ್‌ನ ಪಠ್ಯ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್ ಫಾಂಟ್ ಬಳಸಿದರೂ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಒತ್ತಕ್ಷರಗಳು ಒಡೆದು ಬೀಳಬಹುದು. ಆದ್ದರಿಂದ ಫಾಂಟ್ ಒಳಗೇ ಸೇರಿರುವ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲೂ ಮೇಲ್‌ನಲ್ಲೂ ಇಟ್ಟಿರಿ.

ಎಚ್ಚರಿಕೆ: ವೇದಿಕೆಯ ಮೇಲೆ ನೇರವಾಗಿ ಪ್ರೋಗ್ರಾಂ ಓಡಿಸಿ ತೋರಿಸುವ ಲೈವ್ ಡೆಮೊ ಸಮ್ಮೇಳನದ ವೈಫೈಯನ್ನು ನಂಬಿಕೊಂಡಿದ್ದರೆ ಅದನ್ನು ಈಗಲೇ ಬದಲಿಸಿ. ಸಾವಿರ ಜನರ ಫೋನು, ಲ್ಯಾಪ್‌ಟಾಪುಗಳು ಹಂಚಿಕೊಳ್ಳುವ ಆ ಸಂಪರ್ಕ ಯಾಣದ ಸಿಗ್ನಲ್‌ಗಿಂತ ಉತ್ತಮವಾಗಿರಬೇಕೆಂದೇನೂ ಇಲ್ಲ. ಬೇಕಾದದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಇಳಿಸಿಕೊಂಡು, ಏರೋಪ್ಲೇನ್ ಮೋಡ್‌ನಲ್ಲೂ, ಅಂದರೆ ನೆಟ್ ಇಲ್ಲದೆಯೂ, ಓಡುವಂತೆ ಮಾಡಿಕೊಳ್ಳಿ, ಅದರ ಮೇಲೆ ಡೆಮೊದ ವೀಡಿಯೊ ಒಂದನ್ನೂ ಮಾಡಿಟ್ಟುಕೊಳ್ಳಿ.

ಹಂತ 7: ಪ್ರಯಾಣ

ಕರಾವಳಿಯವರಿಗೆ ಕಾರವಾರದಿಂದ ಬೆಂಗಳೂರಿಗೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಅತ್ಯಂತ ಅನುಕೂಲ. ಸಂಜೆ ಹೊರಟು ಬೆಳಿಗ್ಗೆ ತಲುಪುತ್ತದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿರುವುದರಿಂದ, ನಿಮ್ಮ ಪ್ರಯಾಣದ ದಿನಾಂಕದಿಂದ 60 ದಿನ ಹಿಂದಕ್ಕೆ ಎಣಿಸಿ ಆ ಬೆಳಿಗ್ಗೆಯೇ ಕಾಯ್ದಿರಿಸಿ. ಸಮ್ಮೇಳನಗಳು ವಾರಾಂತ್ಯದಲ್ಲಿರುವುದರಿಂದ ಭಾನುವಾರ ರಾತ್ರಿಯ ವಾಪಸು ಟಿಕೆಟ್ ಬೇಗ ಹೋಗುತ್ತದೆ. ತತ್ಕಾಲ್ ಕೊನೆಯ ಉಪಾಯ. ಹಿಂದಿನ ದಿನ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದದ್ದಕ್ಕೆ 11ಕ್ಕೆ ತೆರೆಯುತ್ತದೆ. ಶಿರಸಿ, ಸಿದ್ದಾಪುರದವರು ರಾತ್ರಿ ಬಸ್ಸನ್ನೇ ನೆಚ್ಚಿಕೊಂಡಿದ್ದರೂ ತಾಳಗುಪ್ಪದಿಂದ ಬೆಂಗಳೂರು ಮಾರ್ಗವಾಗಿ ಮೈಸೂರಿಗೆ ಹೋಗುವ ರಾತ್ರಿ ರೈಲನ್ನೂ ನೋಡಬಹುದು.

ಮಳೆಗಾಲದಲ್ಲಿ ಒಂದು ದಿನದ ಹೆಚ್ಚುವರಿ ಅವಕಾಶ ಇಟ್ಟುಕೊಳ್ಳಲೇಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದನ್ನು ಇಲ್ಲಿಯವರಿಗೆ ನೆನಪಿಸಬೇಕಿಲ್ಲ. ಅದೇ ತಿಂಗಳ ಕೊನೆಗೆ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ಘಟ್ಟದ ರೈಲುಗಳೂ ನಿಂತವು. ಉಪನ್ಯಾಸದ ದಿನ ಬೆಳಿಗ್ಗೆ ಬೆಂಗಳೂರಿಗೆ ಇಳಿದು ನೇರವಾಗಿ ವೇದಿಕೆಗೆ ಹೋಗುವ ಲೆಕ್ಕಾಚಾರವನ್ನು ಯಾವ ಋತುವಿನಲ್ಲೂ ಹಾಕಬೇಡಿ. ದಾರಿ ಮುಚ್ಚಿದ್ದು ಗೊತ್ತಾದ ಕೂಡಲೇ ಸಂಘಟಕರಿಗೆ ತಿಳಿಸಿದರೆ ನಿಮ್ಮ ಸಮಯವನ್ನು ಮರುದಿನಕ್ಕೆ ಬದಲಿಸಲೂಬಹುದು.

ವಿದೇಶಕ್ಕೆ ಹೋಗುವವರಿಗೆ ಇದೇ ಲೆಕ್ಕ ತಿಂಗಳುಗಳಲ್ಲಿ. ಉದಾಹರಣೆಗೆ ಬ್ರಸೆಲ್ಸ್‌ನಲ್ಲಿ ನಡೆಯುವ ಫಾಸ್‌ಡೆಮ್ ಎಂಬ ಮುಕ್ತ ತಂತ್ರಾಂಶ ಸಮ್ಮೇಳನಕ್ಕೆ ಪ್ರವೇಶ ಉಚಿತ, ನೋಂದಣಿಯೂ ಇಲ್ಲ, ಆದರೆ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ ಬೇಕು. ಅದಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. 15 ದಿನ ಎಂಬುದನ್ನು ನಂಬಿ ಕೂರದೆ ಆಯ್ಕೆಯ ಪತ್ರ ಕೈಸೇರಿದ ವಾರವೇ ಆಹ್ವಾನಪತ್ರ ಕೇಳಿ ಕೆಲಸ ಶುರುಮಾಡಿ.

ಹಂತ 8: ಸಮ್ಮೇಳನದ ದಿನಗಳು

ಕಾರ್ಯಕ್ರಮಪಟ್ಟಿಯಲ್ಲಿ ಒಂದೇ ಹೊತ್ತಿಗೆ ಮೂರು ನಾಲ್ಕು ಸಭಾಂಗಣಗಳಲ್ಲಿ ಉಪನ್ಯಾಸಗಳಿರುತ್ತವೆ. ಎಲ್ಲವನ್ನೂ ಕೇಳುವ ಹಟ ಬೇಡ. ಬಹಳಷ್ಟು ಆಮೇಲೆ ಯೂಟ್ಯೂಬಿನಲ್ಲಿ ಸಿಗುತ್ತವೆ. ಯೂಟ್ಯೂಬಿನಲ್ಲಿ ಸಿಗದಿರುವುದು ಪಡಸಾಲೆಯ ಮಾತುಕತೆ. ಉಪನ್ಯಾಸ ಮುಗಿಸಿ ಇಳಿದವರ ಬಳಿ ಹೋಗಿ "ನೀವು ಹೇಳಿದ ಆ ಮೂರನೆಯ ವಿಧಾನ ಸಣ್ಣ ಸರ್ವರ್‌ನಲ್ಲಿ ನಡೆಯುತ್ತದೆಯೇ" ಎಂದು ಕೇಳಿದರೆ ಹದಿನೈದು ನಿಮಿಷದ ಪಾಠವೇ ಸಿಗಬಹುದು. "ನಿಮ್ಮ ಕಂಪನಿಯಲ್ಲಿ ಕೆಲಸ ಇದೆಯೇ" ಎಂಬುದು ಮೊದಲ ಪ್ರಶ್ನೆಯಾಗದಿರಲಿ. ಬಿಒಎಫ್ ಎಂದು ಕರೆಯುವ, ಒಂದೇ ಆಸಕ್ತಿಯವರು ಸುತ್ತ ಕೂತು ಹರಟುವ ಸಭೆಗಳಲ್ಲಿ ಕನ್ನಡ ಕಂಪ್ಯೂಟಿಂಗ್ ಬಗ್ಗೆ ಒಂದನ್ನು ನೀವೇ ಹಲಗೆಗೆ ಹಚ್ಚಬಹುದು, ನಾಲ್ಕು ಜನ ಬಂದರೂ ಸಾಕು.

ಪ್ರಾಯೋಜಕರ ಮಳಿಗೆಯಲ್ಲಿ ಟೀಶರ್ಟ್ ಆಸೆಗೆ ನಿಮ್ಮ ಬ್ಯಾಡ್ಜ್ ಸ್ಕ್ಯಾನ್ ಮಾಡಿಸಿದರೆ ಮುಂದಿನ ತಿಂಗಳೆಲ್ಲ ಮಾರಾಟದ ಕರೆಗಳು ಬರುತ್ತವೆ ಎಂಬುದು ತಿಳಿದಿರಲಿ. ನಡತೆಯ ಸಂಹಿತೆಯನ್ನು ಓದಿಕೊಳ್ಳಿ, ಅನುಮತಿಯಿಲ್ಲದೆ ಯಾರ ಫೋಟೊವನ್ನೂ ತೆಗೆಯಬೇಡಿ.

ಹಂತ 9: ವೇದಿಕೆಯ ಮೇಲೆ

ನಿಮ್ಮ ಸರದಿಗಿಂತ ಮುಂಚಿನ ವಿರಾಮದಲ್ಲೇ ಸಭಾಂಗಣಕ್ಕೆ ಹೋಗಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ನೋಡಿ. ಈಗಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ಪ್ರೊಜೆಕ್ಟರಿನ ತಂತಿ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿಯೇ ಇರುವುದಿಲ್ಲ, ಆದ್ದರಿಂದ ಯುಎಸ್‌ಬಿ-ಸಿ ಇಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ನಿಮ್ಮದೇ ಇರಲಿ. ಪರದೆಯನ್ನು ಮಿರರ್ ಮಾಡುವುದೋ, ಅಂದರೆ ಎರಡರಲ್ಲೂ ಒಂದೇ ಕಾಣುವಂತೆ, ಅಥವಾ ಟಿಪ್ಪಣಿ ನಿಮಗೆ ಮಾತ್ರ ಕಾಣುವಂತೆ ವಿಸ್ತರಿಸುವುದೋ ಎಂಬುದನ್ನು ಆಗಲೇ ತೀರ್ಮಾನಿಸಿ. ವಾಟ್ಸಾಪ್ ವೆಬ್ ಮುಚ್ಚಿ, ನೋಟಿಫಿಕೇಷನ್ ನಿಲ್ಲಿಸಿ, ಚಾರ್ಜರ್ ಚುಚ್ಚಿ. ಅಂಗಿಯ ಕಾಲರಿಗೆ ಸಿಕ್ಕಿಸುವ ಮೈಕ್ ಆದರೆ ಅದು ಐಡಿ ಕಾರ್ಡಿನ ದಾರಕ್ಕೆ ಉಜ್ಜಿ ಕರಕರ ಸದ್ದು ಮಾಡುತ್ತದೆ, ಕಾರ್ಡು ಕಳಚಿಟ್ಟು ಹೋಗಿ.

ಮುಂದಿನ ಸಾಲಿನಲ್ಲಿ ಕೂತ ಸ್ವಯಂಸೇವಕರು 10, 5, 1 ಎಂದು ಬರೆದ ಹಲಗೆ ತೋರಿಸುತ್ತಾರೆ. 5 ಕಂಡಾಗ ಇನ್ನೂ ಹತ್ತು ಸ್ಲೈಡ್ ಉಳಿದಿದ್ದರೆ ಓಡಿಸಬೇಡಿ, ನಡುವಿನದನ್ನು ಬಿಟ್ಟು ಕೊನೆಯದಕ್ಕೆ ಬನ್ನಿ; ಯಾವುದನ್ನು ಬಿಡಬಹುದೆಂದು ಅಭ್ಯಾಸದಲ್ಲೇ ಗುರುತು ಮಾಡಿಟ್ಟಿರಬೇಕು. ಪ್ರಶ್ನೋತ್ತರದಲ್ಲಿ ಪ್ರತಿ ಪ್ರಶ್ನೆಯನ್ನೂ ಮೈಕಿನಲ್ಲಿ ಒಮ್ಮೆ ಪುನಃ ಹೇಳಿ ಉತ್ತರಿಸಿ, ಇಲ್ಲವಾದರೆ ವೀಡಿಯೊ ನೋಡುವವರಿಗೆ ಉತ್ತರ ಮಾತ್ರ ಕೇಳಿಸುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಭಾಷಣ ಶುರುಮಾಡುವವರು ಎಲ್ಲ ಸಮ್ಮೇಳನದಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ "ಹೊರಗೆ ಮಾತಾಡೋಣ" ಎಂದು ನಗುತ್ತಲೇ ಹೇಳಿ ಮುಂದಿನವರತ್ತ ಕೈ ತೋರಿಸಿ.

ಹಂತ 10: ಆಮೇಲೆ ಮಾಡಬೇಕಾದದ್ದು

ಸ್ಲೈಡುಗಳನ್ನು ಅದೇ ದಿನ ಸಂಘಟಕರಿಗೆ ಕಳಿಸಿ, ಕೊಂಡಿಯನ್ನು ನಿಮ್ಮ ಕೊನೆಯ ಸ್ಲೈಡಿನಲ್ಲೇ ಹಾಕಿರಿ. ಕೋಡ್ ಹಂಚುವ ಮುನ್ನ ಅದರೊಳಗೆ ಪಾಸ್‌ವರ್ಡ್, ಎಪಿಐ ಕೀಗಳು, ಅಂದರೆ ಬೇರೆ ಸೇವೆಗಳನ್ನು ಬಳಸಲು ಪ್ರೋಗ್ರಾಂಗೆ ಕೊಡುವ ಗುಪ್ತ ಸಂಕೇತಗಳು, ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಆವೃತ್ತಿಗಳಲ್ಲೂ ಅವು ಉಳಿದಿರಬಹುದು, ಆದ್ದರಿಂದ ಒಮ್ಮೆ ಸೋರಿದ ಕೀಯನ್ನು ಅಳಿಸಿದರೆ ಸಾಲದು, ರದ್ದುಮಾಡಬೇಕು. ಪ್ರಯಾಣ ವೆಚ್ಚ ಮರುಪಾವತಿ ಇದ್ದರೆ ರೈಲು ಟಿಕೆಟ್, ವಸತಿಯ ಬಿಲ್, ಆಟೊ ಅಥವಾ ಕ್ಯಾಬ್ ರಸೀದಿಗಳನ್ನು ಒಂದೇ ಪಿಡಿಎಫ್‌ನಲ್ಲಿ ಸೇರಿಸಿ, ಬ್ಯಾಂಕ್ ಖಾತೆಯ ವಿವರದೊಂದಿಗೆ ವಾರದೊಳಗೆ ಕಳಿಸಿ. ಸ್ವಯಂಸೇವಕರ ಲೆಕ್ಕಪತ್ರ ಮುಗಿದ ಮೇಲೆ ಬಂದ ಬಿಲ್ಲು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ವಿದ್ಯಾರ್ಥಿಗಳು ಹಾಜರಾತಿಗಾಗಿ ಬೇಕಾದ ಭಾಗವಹಿಸುವಿಕೆಯ ಪತ್ರವನ್ನು ಸಭಾಂಗಣ ಬಿಡುವ ಮುನ್ನವೇ ಕೇಳಿ ಪಡೆಯುವುದು ಒಳ್ಳೆಯದು. ಅದೇ ಉಪನ್ಯಾಸವನ್ನು ನಿಮ್ಮ ಊರಿನ ಕಾಲೇಜಿನಲ್ಲಿ ಕನ್ನಡದಲ್ಲಿ ಕೊಡುವ ಮನಸ್ಸಿದ್ದರೆ ಸೆಮಿಸ್ಟರ್ ಪರೀಕ್ಷೆಗಳು ಶುರುವಾಗುವ ಮುಂಚೆ ವಿಭಾಗದ ಮುಖ್ಯಸ್ಥರಿಗೆ ಒಂದು ಮೇಲ್ ಬರೆಯಿರಿ, ಸ್ಲೈಡುಗಳ ಪಿಡಿಎಫ್ ಅದಕ್ಕೇ ಲಗತ್ತಿಸಿ.